ದೆವ್ವದ ಬೆಳಕಿನಲ್ಲಿ ಇಳಕಲ್ ಸೀರೆ!

ಇಳಕಲ್ಲಿನ ಸೀರೆ ಪೇಟೆಯಲ್ಲಿ ಈಗ ಜರಿಯ ರೇಟಿನ ಮಾತು ಹಿಂದೆ ಬಿದ್ದಿದೆ. ನಾಲ್ಕು ಮಂದಿ ಕೂಡಿದಲ್ಲಿ ಒಂದು ಸಿನಿಮಾದ ಮಾತು. ಸಿನಿಮಾ ಎಂದರೆ ಮೂರು ತಾಸಿನದೇನಲ್ಲ, ಬರೀ 90 ಸೆಕೆಂಡಿನದು. ಅದರಲ್ಲಿ ಹಾಡಿಲ್ಲ, ಡೈಲಾಗ್ ಇಲ್ಲ, ಸೀರೆಯ ಬೆಲೆಯೂ ಇಲ್ಲ. ಕತ್ತಲು ಪಡಸಾಲೆ, ಅರ್ಧ ತೆರೆದ ಬಾಗಿಲು, ಗೋಡೆಯ ಮೇಲೆ ಯಾರದೋ ನೆರಳು, ಎಲ್ಲಿಂದಲೋ ಮಗ್ಗದ ಸದ್ದು. ಇದು ಸೀರೆ ಮಾರುವ ಸಿನಿಮಾ ಎಂದರೆ ಯಾರು ನಂಬಬೇಕು ಸ್ವಾಮಿ?

ತೆಗೆದವನು ಮದುವೆ ವಿಡಿಯೋ ತೆಗೆಯುವ ಇಲ್ಲಿನದೇ ಒಬ್ಬ ತರುಣ. ದುಡ್ಡು ಹಾಕಿದವರು ಅವನ ಸೋದರಮಾವ, ಸೀರೆ ಅಂಗಡಿಯ ಮಾಲೀಕರು. ಇಬ್ಬರೂ ಹೆಸರು ಬೇಡ ಎಂದಿದ್ದಾರೆ, ಇರಲಿ. ಮದುವೆ ಸುಗ್ಗಿ ಶುರುವಾಗುವ ಮೊದಲು ಫೋನಿನಿಂದ ಫೋನಿಗೆ ಹೋಗುವಂಥ ಒಂದು ಚಿತ್ರ ಬೇಕು ಎಂದು ಮಾವ ಕೇಳಿದ್ದು ನಿಜ. ಅಳಿಯ ಮಾಡಿ ತಂದದ್ದನ್ನು ಒಂದು ರಾತ್ರಿ ಅಂಗಡಿಯ ಶಟರ್ ಇಳಿಸಿ ಮನೆಯವರೆಲ್ಲ ಕೂತು ನೋಡಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲವಂತೆ.

“ಅಲ್ಲೋ ತಮ್ಮಾ, ಮದವಿ ಸೀರಿ ತೋರ್ಸು ಅಂದ್ರ ದೆವ್ವದ ಮನಿ ತೋರ್ಸಿಯಲ್ಲೋ!” ಎಂದರು ಮಾವ.

“ಇದ್ರಾಗ ದೆವ್ವ ಎಲ್ಲೈತಿ ಮಾಮಾ? ದೆವ್ವದ ಸಿನಿಮಾದ ಬೆಳಕು ಅಷ್ಟ ತಗೊಂಡೀನಿ” ಎಂದ ಅಳಿಯ.

ಅಂದಿನಿಂದ ಪೇಟೆ ಎರಡು ಪಾಲಾಗಿದೆ. ಶುಭಕಾರ್ಯದ ಸೀರೆಗೆ ಅಪಶಕುನದ ನೆರಳು ಯಾಕೆ ಎನ್ನುವವರು ಒಂದು ಕಡೆ. ಹೊಸದೇನಾದರೂ ಮಾಡದಿದ್ದರೆ ಪವರ್‌ಲೂಮಿನ ನಕಲು ಸೀರೆಯ ಮುಂದೆ ಕೈಮಗ್ಗ ಉಳಿದೀತೇ ಎನ್ನುವವರು ಇನ್ನೊಂದು ಕಡೆ. ತೀರ್ಪು ಹೇಳುವ ಮುಂಚೆ ಹುಡುಗ ಈ ಬೆಳಕನ್ನು ಎಲ್ಲಿಂದ ತಂದ ಎಂದು ನೋಡುವುದು ಒಳ್ಳೆಯದು.

ಹುಡುಗನಿಗೆ ಹುಚ್ಚಲ್ಲ!

ಬಟ್ಟೆಯ ಚಿತ್ರಕ್ಕೆ ಈಗ ‘ಫ್ಯಾಷನ್ ಫಿಲಂ’ ಎನ್ನುತ್ತಾರೆ. ಜಾಹೀರಾತಿನಂತೆ “ಇಂದೇ ಬನ್ನಿ, ಕೊಳ್ಳಿರಿ” ಎಂದು ಇದು ಕೂಗುವುದಿಲ್ಲ. ಬಟ್ಟೆಯ ಸುತ್ತ ಒಂದು ಗಾಳಿ ಹುಟ್ಟಿಸಿ ಸುಮ್ಮನಾಗುತ್ತದೆ. ಲಂಡನ್ನಿನ ಛಾಯಾಗ್ರಾಹಕ ನಿಕ್ ನೈಟ್ 2000ದಲ್ಲಿ ‘ಷೋಸ್ಟುಡಿಯೋ’ ಆರಂಭಿಸಿದ ಮೇಲೆ ಈ ಜಾತಿಯ ಚಿತ್ರಗಳಿಗೆ ಒಂದು ನೆಲೆ ಸಿಕ್ಕಿತು. ಈಗ ಕೈಯಲ್ಲಿ ಫೋನಿದ್ದವರೆಲ್ಲ ತೆಗೆಯುತ್ತಾರೆ.

ಬಟ್ಟೆಗೂ ಭಯಕ್ಕೂ ನಂಟು ಇನ್ನೂ ಹಳೆಯದು. 1964ರಲ್ಲಿ ಇಟಲಿಯ ಮಾರಿಯೋ ಬಾವಾ ‘ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್’ ಎಂಬ ಚಿತ್ರ ತೆಗೆದ. ಕಥೆ ನಡೆಯುವುದೇ ಒಂದು ಫ್ಯಾಷನ್ ಮನೆಯಲ್ಲಿ. ಮುಖವಾಡದ ಕೊಲೆಗಾರ ಒಬ್ಬೊಬ್ಬಳೇ ರೂಪದರ್ಶಿಯನ್ನು ಮುಗಿಸುತ್ತಾ ಬರುತ್ತಾನೆ. ಕೆಂಪು, ಹಸಿರು, ನೇರಳೆ ದೀಪಗಳ ನಡುವೆ ಬಟ್ಟೆ ತೊಡಿಸಿದ ಗೊಂಬೆಗಳು ನಿಂತಿರುತ್ತವೆ. ಯಾವುದು ಗೊಂಬೆ, ಯಾವುದು ಮನುಷ್ಯ ಎಂದು ನೋಡುವವನ ಎದೆ ಝಲ್ಲೆನ್ನಬೇಕು. ಬಾವಾ ನಿರ್ದೇಶಕನಾಗುವ ಮೊದಲು ಕ್ಯಾಮೆರಾಮನ್ ಆಗಿದ್ದವನು. ಬೆಳಕಿನ ಗುಟ್ಟು ಅವನಿಗೆ ಗೊತ್ತಿತ್ತು.

ಮುಂದೆ ಬಟ್ಟೆಯವರೇ ದೆವ್ವದ ಸಿನಿಮಾದ ಬಾಗಿಲು ತಟ್ಟಿದರು. ಲಂಡನ್ನಿನ ಅಲೆಕ್ಸಾಂಡರ್ ಮೆಕ್ವೀನ್ 1999ರ ತನ್ನ ಚಳಿಗಾಲದ ಉಡುಪುಗಳಿಗೆ ‘ದಿ ಓವರ್‌ಲುಕ್’ ಎಂದು ಹೆಸರಿಟ್ಟ. ಅದು ಸ್ಟ್ಯಾನ್ಲಿ ಕುಬ್ರಿಕ್‌ನ 1980ರ ‘ದಿ ಷೈನಿಂಗ್’ ಚಿತ್ರದ ಭೂತದ ಹೋಟೆಲಿನ ಹೆಸರು! 2022ರಲ್ಲಿ ಗೂಚಿ ಕಂಪನಿ ತನ್ನ ಉಡುಪು ತೊಟ್ಟವರನ್ನು ಅದೇ ಕುಬ್ರಿಕ್‌ನ ಚಿತ್ರಗಳ ದೃಶ್ಯಗಳಲ್ಲೇ ನಿಲ್ಲಿಸಿ ಪ್ರಚಾರ ಮಾಡಿತು. ಅದರಲ್ಲೂ ‘ಷೈನಿಂಗ್’ ಇತ್ತು. ಅಂದಮೇಲೆ ಇಳಕಲ್ಲಿನ ಹುಡುಗ ಹಿಡಿದದ್ದು ನಡೆದು ಸವೆದ ದಾರಿಯೇ.

ನಮ್ಮವರೂ ಹಿಂದೆ ಬಿದ್ದವರಲ್ಲ. 1949ರ ಹಿಂದಿ ಚಿತ್ರ ‘ಮಹಲ್’ ನೋಡಿದ ಹಿರಿಯರನ್ನು ಕೇಳಿ. ಬಾಂಬೆ ಟಾಕೀಸ್‌ಗೆ ಕಮಾಲ್ ಅಮ್ರೋಹಿ ನಿರ್ದೇಶಿಸಿದ್ದು. ಕ್ಯಾಮೆರಾ ಹಿಡಿದವನು ಜರ್ಮನಿಯಿಂದ ಬಂದಿದ್ದ ಜೋಸೆಫ್ ವಿರ್ಶಿಂಗ್, ಸಂಕಲನ ಬಿಮಲ್ ರಾಯ್ ಅವರದು. ಮಧುಬಾಲಾ ಕತ್ತಲಿನಿಂದ ಅರೆಬರೆ ಬೆಳಕಿಗೆ ಬರುವುದನ್ನು ನೋಡಿ ಹೆದರಿದವರಿಗಿಂತ ಮರುಳಾದವರೇ ಹೆಚ್ಚು. ಕನ್ನಡದಲ್ಲಿ 1979ರ ‘ನಾ ನಿನ್ನ ಬಿಡಲಾರೆ’ ಊರೂರಿನ ಟಾಕೀಸಿನಲ್ಲಿ ಜನರನ್ನು ನಡುಗಿಸಿತು. 2004ರ ‘ಆಪ್ತಮಿತ್ರ’ದಲ್ಲಿ ಬೀಗ ಹಾಕಿದ ಕೋಣೆಯೊಳಗಿನ ನರ್ತಕಿಯ ಸೀರೆ, ಒಡವೆಗಳೇ ಕಥೆಯನ್ನು ಹಿಡಿದೆಳೆದವು. ರೇಷ್ಮೆ ಮತ್ತು ಭಯ ಒಂದೇ ಪೆಟ್ಟಿಗೆಯಲ್ಲಿರುತ್ತವೆ ಎಂಬುದು ನಮ್ಮ ಹೆಂಗಸರಿಗೆ ಹೊಸದಲ್ಲ.

ಕೆಂಪು ದೀಪ ನುಂಗಿದ ಸೆರಗು

ಹಾಗಾದರೆ ಎಡವಟ್ಟಾದದ್ದು ಎಲ್ಲಿ? ಅದನ್ನು ಹೇಳಿದವರು ಅಂಗಡಿಯವರೂ ಅಲ್ಲ, ಸಿನಿಮಾ ಬಲ್ಲವರೂ ಅಲ್ಲ. ಚಿತ್ರದಲ್ಲಿದ್ದ ಸೀರೆಯನ್ನು ತನ್ನ ಕೈಯಿಂದಲೇ ನೇಯ್ದ ಒಬ್ಬ ಅಜ್ಜಿ. ಅಂದು ರಾತ್ರಿ ಅವರನ್ನೂ ಕರೆಸಿದ್ದರು. ಎಲ್ಲರೂ ದೆವ್ವ, ಶಕುನ ಎಂದು ಕೂಗಾಡುತ್ತಿರುವಾಗ ಅಜ್ಜಿ ಒಂದೇ ಮಾತು ಕೇಳಿದರಂತೆ: “ಸೆರಗ ಎಲ್ಲಿ ಹೋತೋ ಯಪ್ಪಾ?”

ಪ್ರಶ್ನೆ ಸಣ್ಣದು, ಪೆಟ್ಟು ದೊಡ್ಡದು. ಇಳಕಲ್ ಸೀರೆಯ ಪ್ರಾಣವೇ ಅದರ ಟೋಪ್ ತೆನಿ ಸೆರಗು. ಕೆಂಪು ರೇಷ್ಮೆಯ ನೆಲ, ಅದರ ಮೇಲೆ ಬಿಳಿಯ ತೆನಿ, ಹಣಿಗಿ. ಹುಡುಗ ಇಟಲಿಯ ಡಾರಿಯೋ ಅರ್ಜೆಂಟೋನ 1977ರ ‘ಸಸ್ಪೀರಿಯಾ’ ನೋಡಿದ್ದ. ಅದರ ಕ್ಯಾಮೆರಾಮನ್ ಲೂಚಿಯಾನೋ ತೊವೋಲಿ ಗೋಡೆ, ಮುಖ ಎಲ್ಲವನ್ನೂ ಗಾಢ ಕೆಂಪು, ನೀಲಿಯಲ್ಲಿ ಅದ್ದಿ ತೆಗೆದಿದ್ದಾನೆ. ಇವನೂ ಎಲ್‌ಇಡಿ ದೀಪಕ್ಕೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ ನೇರ ಸೀರೆಯ ಮೇಲೇ ಬಿಟ್ಟ. ಕೆಂಪು ಬೆಳಕಿನಲ್ಲಿ ಬಿಳಿಯೂ ಕೆಂಪೇ, ಕೆಂಪೂ ಕೆಂಪೇ. ನೆಲ ಯಾವುದು, ತೆನಿ ಯಾವುದು? ಸೆರಗು ಬರೀ ಕೆಂಪು ಬಟ್ಟೆಯ ತುಂಡಾಯಿತು. ನೀಲಿ ದೀಪ ಹಾಕಿ ನೋಡಿದ. ಗಿರಿ ಕುಂಕುಮದ ಮದುವಣಗಿತ್ತಿ ಸೀರೆ ಕಪ್ಪಾಯಿತು! ಅಪಶಕುನ ಎಂದವರ ಬಾಯಿಗೆ ಸಕ್ಕರೆ ಬಿದ್ದಂತಾಯಿತು.

ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಗೊತ್ತಿರುವ ಸಂಗತಿ. ರಾಕ್ಷಸ ಬಂದಾಗ ಬಣ್ಣದ ದೀಪ ತಿರುಗಿಸಿದರೆ ರಾಣಿಯ ಸೀರೆಯ ಬಣ್ಣವೂ ಕೆಡುತ್ತದೆ. ಬಣ್ಣದ ದೀಪ ಬೇಕೇ ಬೇಕೆಂದರೆ ಅದನ್ನು ಹಿಂದಿನ ಗೋಡೆಗೆ, ಬಾಗಿಲ ಸಂದಿಗೆ ಬಿಡಬೇಕು. ಸೀರೆಯ ಮೇಲೆ ಬಿಳಿ ಬೆಳಕೇ ಇರಬೇಕು. ಹುಡುಗ ಎರಡನೆಯ ಸಲ ತೆಗೆದಾಗ ಮಾಡಿದ್ದು ಇದನ್ನೇ. ಗೋಡೆ ಕೆಂಪಗೆ ಕುದಿಯುತ್ತದೆ, ಸೆರಗಿನ ತೆನಿ ಬೆಳ್ಳಗೆ ನಿಲ್ಲುತ್ತದೆ.

ಪಕ್ಕದ ಬೆಳಕಿನ ಪವಾಡ

ದೆವ್ವದ ಸಿನಿಮಾದಿಂದ ಕಲಿಯಬೇಕಾದ ನಿಜವಾದ ಪಾಠ ಬಣ್ಣದ್ದಲ್ಲ, ದಿಕ್ಕಿನದು. ಮಕ್ಕಳು ಗದ್ದದ ಕೆಳಗೆ ಬ್ಯಾಟರಿ ಹಿಡಿದು ಹೆದರಿಸುವುದಿಲ್ಲವೇ? ದಿನಾ ಮೇಲಿನಿಂದ ಬೀಳುವ ಬೆಳಕು ಕೆಳಗಿನಿಂದ ಬಂದರೆ ಗೊತ್ತಿದ್ದ ಮುಖವೂ ಗುರುತು ತಪ್ಪುತ್ತದೆ. 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ದಲ್ಲಿ ಮುರ್ನೌ ರಕ್ತ ಹೀರುವ ಪಿಶಾಚಿಯನ್ನು ಮೆಟ್ಟಿಲು ಹತ್ತಿಸುವಾಗ ಮೈಯನ್ನು ತೋರಿಸುವುದೇ ಇಲ್ಲ. ಉದ್ದುದ್ದ ಉಗುರಿನ ನೆರಳು ಮಾತ್ರ ಗೋಡೆಯ ಮೇಲೆ ಏರುತ್ತಾ ಹೋಗುತ್ತದೆ. ನೂರು ವರ್ಷ ದಾಟಿದರೂ ಆ ನೆರಳಿಗೆ ಮುಪ್ಪು ಬಂದಿಲ್ಲ.

ಕೆಳಗಿನ ದೀಪ ಮದುಮಗಳಿಗೆ ಬೇಡ, ಸರಿ. ಆದರೆ ಅದೇ ದೀಪವನ್ನು ಪಕ್ಕಕ್ಕೆ ಒಯ್ದರೆ? ಬಟ್ಟೆಯ ಮೈಯನ್ನು ಸವರಿಕೊಂಡು ಹೋಗುವ ಬೆಳಕಿನಲ್ಲಿ ಒಂದೊಂದು ಎಳೆಯೂ ತನ್ನದೇ ಸಣ್ಣ ನೆರಳು ಚೆಲ್ಲುತ್ತದೆ. ಹಾಸು, ಹೊಕ್ಕು ಎರಡೂ ಎದ್ದು ಕಾಣುತ್ತವೆ. ಮದುವೆ ವಿಡಿಯೋದವರು ಮುಖದೆದುರು ಫಳ್ಳನೆ ಬಿಡುವ ದೀಪದಲ್ಲಿ ಈ ನೆರಳೆಲ್ಲ ಅಳಿಸಿ ಸೀರೆ ಕ್ಯಾಲೆಂಡರಿನ ಚಿತ್ರದಂತೆ ಚಪ್ಪಟೆಯಾಗುತ್ತದೆ.

ಇಲ್ಲಿದೆ ಅಸಲು ವಿಷಯ. ಎದುರು ಬೆಳಕಿನ ಫೋಟೋದಲ್ಲಿ ಪವರ್‌ಲೂಮಿನ ನಕಲಿಗೂ ಕೈಮಗ್ಗದ ಸೀರೆಗೂ ಭೇದ ಗೊತ್ತಾಗುವುದು ಕಷ್ಟ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುವುದಕ್ಕೆ ‘ಕೊಂಡಿ’ ಎನ್ನುತ್ತಾರೆ. ಕಣ್ಣು ನೋಯುವ ಕೆಲಸ. ಸೀರೆಯ ಬೆಲೆ ಹೆಚ್ಚಾಗುವುದಕ್ಕೆ ಈ ಕೊಂಡಿಯೂ ಒಂದು ಕಾರಣ. ಆದರೆ ಯಾವ ಜಾಹೀರಾತಿನಲ್ಲಿ ಯಾರು ಅದನ್ನು ತೋರಿಸಿದ್ದಾರೆ? ಕತ್ತಲು ಪಡಸಾಲೆಯಲ್ಲಿ, ಕಿಟಕಿಯ ಓರೆ ಬೆಳಕಿನಲ್ಲಿ, ಕೊಂಡಿ ಮೊದಲ ಬಾರಿಗೆ ಕಂಡಿತು. ದೆವ್ವದ ಬೆಳಕು ಕೈಮಗ್ಗದ ಪರವಾಗಿ ಸಾಕ್ಷಿ ಹೇಳಿತು ಎಂದರೂ ಸರಿಯೇ.

ಕತ್ತರಿಯ ಕೆಲಸ

ಇನ್ನು ಸಂಕಲನ. ಮೊದಲ ಸಲ ಹುಡುಗ ಕತ್ತರಿ ಹಿಡಿದು ಹುಚ್ಚೆದ್ದಿದ್ದ. ಕಣ್ಣು ಮಿಟುಕಿಸುವುದರೊಳಗೆ ಒಂದು ತುಂಡು ಹೋಗಿ ಇನ್ನೊಂದು ಬರುತ್ತಿತ್ತು. ಕಾರಣ, ಹಿಚ್‌ಕಾಕ್‌ನ 1960ರ ‘ಸೈಕೋ’. ಅದರ ಸ್ನಾನದ ಮನೆಯ ಕೊಲೆಗೆ 78 ಕೋನಗಳಿಂದ ಚಿತ್ರ ತೆಗೆದು 52 ಕಡೆ ಕತ್ತರಿಸಿ ಜೋಡಿಸಿದರು. ಸುಮಾರು ಮೂರು ನಿಮಿಷದ ದೃಶ್ಯಕ್ಕೆ ಒಂದು ವಾರದ ಶೂಟಿಂಗ್! ರಕ್ತವೆಂದು ಸುರಿಸಿದ್ದು ಚಾಕೊಲೇಟ್ ಪಾಕ. ನೋಡುವವನಿಗೆ ಚೂರಿ ಇರಿದಂತೆಯೇ ಅನಿಸುತ್ತದೆ. ಆ ಕೆಲಸವನ್ನೆಲ್ಲ ಮಾಡುವುದು ಕತ್ತರಿ ಮತ್ತು ಬರ್ನಾರ್ಡ್ ಹರ್ಮನ್‌ನ ಪಿಟೀಲು.

ಆದರೆ ಕೊಲೆಗೆ ಒಪ್ಪಿದ ಕತ್ತರಿ ಸೀರೆಗೆ ಒಪ್ಪಬೇಕಲ್ಲ? ಚೂರಿಯನ್ನು ಮರೆಸಬೇಕಾದಲ್ಲಿ ಸಣ್ಣ ತುಂಡು ಸರಿ. ಸೆರಗು ಕಾಣಿಸಬೇಕಾದಲ್ಲಿ ಕಣ್ಣಿಗೆ ಪುರಸೊತ್ತು ಬೇಕು. ಇದಕ್ಕೆ ಒಳ್ಳೆಯ ಗುರು ಇನ್ನೊಂದು ಚಿತ್ರ, 1942ರ ‘ಕ್ಯಾಟ್ ಪೀಪಲ್’. ನಿರ್ಮಾಪಕ ವಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್, ಸಂಕಲನಕಾರ ಮಾರ್ಕ್ ರಾಬ್ಸನ್. ರಾತ್ರಿ ಒಬ್ಬಳು ಹೆಂಗಸು ಬೀದಿ ದೀಪದಿಂದ ಕತ್ತಲಿಗೆ, ಕತ್ತಲಿನಿಂದ ದೀಪಕ್ಕೆ ನಡೆಯುತ್ತಾ ಹೋಗುತ್ತಾಳೆ. ಅವಳ ಚಪ್ಪಲಿಯ ಸದ್ದು ಬಿಟ್ಟರೆ ಏನೂ ಇಲ್ಲ. ಹಿಂದೆ ಯಾರೋ ಇದ್ದಾರೆ... ಈಗ ಬಂತು, ಈಗ ಬಂತು ಎನ್ನುವಷ್ಟರಲ್ಲಿ ಬುಸ್ಸೆಂದು ಒಂದು ಬಸ್ಸು ಬಂದು ನಿಲ್ಲುತ್ತದೆ! ಹೆದರಿಸಿದ್ದು ಬಸ್ಸಲ್ಲ, ಅದಕ್ಕೆ ಮುಂಚಿನ ಕಾಯುವಿಕೆ. ಇಂಥ ಹೊಡೆತಕ್ಕೆ ಇಂದಿಗೂ ಸಿನಿಮಾದವರು ‘ಲ್ಯೂಟನ್ ಬಸ್ಸು’ ಎನ್ನುತ್ತಾರೆ.

ಎರಡನೆಯ ಸಲದ ಚಿತ್ರದಲ್ಲಿ ಬಸ್ಸಿನ ಜಾಗಕ್ಕೆ ಮಗ್ಗ ಬಂದಿದೆ. ಹುಡುಗಿ ಪಡಸಾಲೆಯಲ್ಲಿ ಮೆಲ್ಲಗೆ ನಡೆಯುತ್ತಾಳೆ, ಗೆಜ್ಜೆಯ ಸದ್ದು ಮಾತ್ರ. ಕ್ಯಾಮೆರಾ ಕತ್ತರಿಸದೆ ಕಾಯುತ್ತದೆ. ಬಾಗಿಲು ತೆರೆದೊಡನೆ ‘ಧಡ್’ ಎಂದು ಮಗ್ಗದ ಹಲಗೆ ಬಡಿಯುತ್ತದೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ ಅಜ್ಜಿಯ ಕೈ, ಓಡುವ ಲಾಳಿ, ಓರೆ ಬೆಳಕಿನಲ್ಲಿ ಕೊಂಡಿ. ಅಲ್ಲಿಯೂ ಕತ್ತರಿ ಬೀಳುವುದಿಲ್ಲ. ನೋಡುವವರ ಎದೆ ಹಾರಿದ್ದು ಹೌದು, ಆದರೆ ಹಾರಿದ ಎದೆ ಬಂದು ಕೂತದ್ದು ನೇಕಾರಳ ಕೈಮೇಲೆ.

ಮಾವನ ಒಂದು ಷರತ್ತು

ಶಕುನದ ಜಗಳ ಹೇಗೆ ಮುಗಿಯಿತು? ಮಾವ ವ್ಯಾಪಾರಸ್ಥರು. ಮಗಳ ಮದುವೆಗೆ ಸೀರೆ ಕೊಳ್ಳಲು ಬರುವ ತಾಯಿಯ ಮನಸ್ಸು ಅವರಿಗೆ ಗೊತ್ತು. “ನೀ ಏನರ ಮಾಡು, ಆದ್ರ ಕಡೀಕ ಹುಡುಗಿ ಬಿಸಿಲಿಗೆ ಬರಬೇಕು. ಸೀರಿ ಬಣ್ಣ ಹಗಲ ಬೆಳಕಿನ್ಯಾಗ ಕಾಣಬೇಕು. ಇಲ್ಲಂದ್ರ ಮನಿಗೆ ಒಯ್ದು ಬಿಚ್ಚಿದ ಮ್ಯಾಲ ಬಣ್ಣ ಬ್ಯಾರೆ ಐತಿ ಅಂತ ತಿರುಗಿ ಬರ್ತಾರ” ಎಂದರು. ಅಳಿಯ ಒಪ್ಪಿದ. ಈಗ ಚಿತ್ರ ಮುಗಿಯುವುದು ಅಂಗಳದ ಬೆಳಗಿನ ಬಿಸಿಲಿನಲ್ಲಿ.

ಮಾವ ವ್ಯಾಪಾರಕ್ಕೆಂದು ಹೇಳಿದ ಮಾತು ಚಿತ್ರಕ್ಕೂ ಸರಿಹೊಂದಿತು ಎಂಬುದು ಮೆಚ್ಚಬೇಕಾದದ್ದು. ಮರೆಸಿಟ್ಟದ್ದನ್ನು ಒಮ್ಮೆಯಾದರೂ ತೋರಿಸದ ಭೂತದ ಕಥೆ ನೋಡುವವನಿಗೆ ಮೋಸ. ಬಣ್ಣ ತೋರಿಸದ ಸೀರೆಯ ಚಿತ್ರ ಗಿರಾಕಿಗೆ ಮೋಸ. ಹೆದರಿಕೆಯ ಬೆಳಕನ್ನು ಸಾಲ ತರುವ ಉಳಿದ ಹುಡುಗರೂ ಇದನ್ನು ನೆನಪಿಡುವುದು ಲೇಸು. ಕತ್ತಲು ಎಷ್ಟಾದರೂ ಇರಲಿ, ಏನನ್ನು ತೋರಿಸುವುದಕ್ಕೆ ಆ ಕತ್ತಲು ಎಂಬ ಲೆಕ್ಕ ಮೊದಲೇ ಇರಬೇಕು.

ಚಿತ್ರ ಈಗ ಫೋನುಗಳಲ್ಲಿ ಓಡಾಡುತ್ತಿದೆ. ಸೀರೆ ಎಷ್ಟು ಹೋದವು ಎಂಬುದು ಮದುವೆ ಸುಗ್ಗಿ ಮುಗಿದ ಮೇಲೆ ಗೊತ್ತಾಗುವ ಮಾತು. ಆದರೆ ಇನ್ನೊಂದು ಲೆಕ್ಕ ಬಾಕಿ ಇದೆ. ಚಿತ್ರದಲ್ಲಿ ನಡೆದ ಹುಡುಗಿಗೆ ಅಂದೇ ಸಂಜೆ ಹಣ ಕೊಟ್ಟು ಕಳಿಸಿದ್ದಾರೆ. ಎಲ್ಲರೂ ಹೊಗಳುತ್ತಿರುವುದು ಮಾತ್ರ ಅಜ್ಜಿಯ ಕೈಗಳನ್ನು. ಅಜ್ಜಿಗೇನು ಅನಿಸಿತು ಎಂದರೆ ಅವರು ನಕ್ಕು ಹೇಳಿದ್ದಿಷ್ಟು: “ಕೈ ಚೆಂದ ಕಾಣ್ತಾವ ಬಿಡ್ರಿ. ಕೂಲಿನೂ ಒಂಚೂರು ಚೆಂದ ಕಾಣ್ಲಿ ಅಂತ ಸಾಹುಕಾರಗ ಹೇಳ್ರಿ.”

ಸಾಹುಕಾರರು ಕೇಳಿಸಿಕೊಂಡಿದ್ದಾರೆ. “ನೋಡೂಣು” ಎಂದಿದ್ದಾರೆ.