ಬೀಗದ ಕೈಯೊಳಗೊಂದು ಬೀಗದ ಕೈ

ಜನವರಿಯ ಸಂಜೆ, ಆರೂಮುಕ್ಕಾಲು ಗಂಟೆ. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆಯ ನೆಂಟರ ತೋಟ. ರೊಬಸ್ಟಾ ಕೊಯ್ಲು ಶುರುವಾಗಿತ್ತು. ಇಬ್ಬನಿ ಬೀಳುವ ಮೊದಲು ಕಣದ ಹಣ್ಣನ್ನೆಲ್ಲ ರಾಶಿ ಎಳೆದು ಟಾರ್ಪಾಲು ಹೊದಿಸುತ್ತಿದ್ದರು. ಮಾತಿನಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಅಷ್ಟರಲ್ಲಿ ತೋಟದ ರೈಟರ ಫೋನಿಗೆ ಸಂದೇಶ ಬಂತು: ಪಕ್ಕದ ತೋಟದಲ್ಲಿ ಕಾಡಾನೆ ಗುಂಪು ಇದೆ, ಎಚ್ಚರ. ಈ ಸೀಮೆಯಲ್ಲಿ ಅದು ದಿನನಿತ್ಯದ ಸುದ್ದಿ. ಕೇಳಿದವರು ಹೆದರುವುದಿಲ್ಲ, ಆದರೆ ನಡೆದು ಹೋಗುವುದನ್ನು ಬಿಡುತ್ತಾರೆ.

ನಾನು ಕಣದ ಅಂಚಿಗೆ ನಿಲ್ಲಿಸಿದ್ದ ಕಾರಿನತ್ತ ಹೊರಟು ರಿಮೋಟ್ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಇಂಡಿಕೇಟರ್ ಮಿನುಗಲಿಲ್ಲ. ಬಾಗಿಲ ಹತ್ತಿರ ಹೋಗಿ ಒತ್ತಿದೆ, ಅಂಗೈಯಲ್ಲಿ ಉಜ್ಜಿ ಒತ್ತಿದೆ, ಬಾಯಿಂದ ಊದಿ ಒತ್ತಿದೆ. ಹಿಡಿಕೆ ಎಳೆದರೆ ಬಾಗಿಲು ಕಲ್ಲಿನಂತೆ ಕೂತಿತ್ತು. ಬದಲಿ ಶೆಲ್ಲು ಮಾತ್ರ ನನ್ನಲ್ಲಿತ್ತು, ಡ್ಯಾಶ್‌ಬೋರ್ಡಿನ ಒಳಗೆ.

ಕೊಯ್ಲಿನವರನ್ನು ಊರಿಗೆ ಬಿಡಲು ನಿಂತಿದ್ದ ಪಿಕಪ್ಪಿನ ಡ್ರೈವರ್ ದೂರದಿಂದಲೇ ನೋಡುತ್ತಿದ್ದ. "ಸಾರ್, ಒಳಗಿನ ಕೀ ತೆಗೀರಿ" ಅಂದ. ಯಾವ ಒಳಗಿನ ಕೀ? ಅವನು ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು, ಪಕ್ಕದಲ್ಲಿದ್ದ ಅಕ್ಕಿಕಾಳಿನಷ್ಟು ಗುಂಡಿಯನ್ನು ಸರಿಸಿ ಎಳೆದ. ಬೆರಳುದ್ದದ ಲೋಹದ ಕೀ ಹೊರಬಂತು. ನಾಲ್ಕು ವರ್ಷದಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೆ, ಅದು ಅಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಇದ್ದದ್ದು ಕೀಲಿ ಒಂದೇ

ನಮ್ಮ ಕಡೆ ಬೀಗದ ಕೈ ಅಂದರೆ ಅಧಿಕಾರ. ಮನೆಯ ಕೀಗೊಂಚಲು ಅತ್ತೆಯ ಸೊಂಟದಿಂದ ಸೊಸೆಯ ಸೊಂಟಕ್ಕೆ ಬರಲು ವರ್ಷಗಳೇ ಹಿಡಿಯುತ್ತಿದ್ದವು. ತೋಟದ ಗೋದಾಮಿನ ಕೀ ಯಾರ ಬಳಿ ಇದೆಯೋ ಕೊಯ್ಲಿನ ಕಾಲದಲ್ಲಿ ಅವರ ಮಾತು ನಡೆಯುತ್ತಿತ್ತು. ಕಾರಿನ ಕೀಗೂ ಅಂಥದೇ ಗೌರವವಿತ್ತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800 ಕಾರನ್ನು ದೆಹಲಿಯ ಹರ್ಪಾಲ್ ಸಿಂಗ್ ಅವರಿಗೆ ಒಪ್ಪಿಸಿದಾಗ ಕೈ ಬದಲಾಯಿಸಿದ್ದು ಒಂದು ಲೋಹದ ಕೀ. ಅದರಲ್ಲಿ ಶೆಲ್ಲಿಲ್ಲ, ಚಿಪ್ಪಿಲ್ಲ. ಹಲ್ಲು ಸರಿಯಾಗಿ ಕೂತರೆ ಬಾಗಿಲು ತೆರೆಯಿತು, ಇಲ್ಲವಾದರೆ ಇಲ್ಲ.

ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಕತೆ ಬದಲಾಗಿತ್ತು. ದೂರದಿಂದ ಗುಂಡಿ ಒತ್ತಿ ಬಾಗಿಲು ತೆರೆಯುವ ಸೌಲಭ್ಯವನ್ನು 1982ರಲ್ಲಿ ಮೊದಲು ತಂದ ಕಾರು ಎಂದು ಹೆಸರಾದದ್ದು ರೆನೊ ಕಂಪನಿಯ ಫ್ಯೂಗೊ. ಇಂದು ಮಲೆನಾಡಿನ ಹಳ್ಳಿಯ ಸಣ್ಣ ಕಾರಿಗೂ ರಿಮೋಟ್ ಬಂದಿದೆ. ಜೀಪಿನ ಕಾಲದವರು ಇದನ್ನು ನೋಡಿ ನಗುತ್ತಾರೆ. ಹಳೆಯ ಜೀಪಿಗೆ ಬೀಗ ಹಾಕಲು ಬಾಗಿಲೇ ಇರಲಿಲ್ಲವಲ್ಲ!

ಸತ್ತದ್ದು ಯಾವುದು?

ನಾವು ರಿಮೋಟ್ ಎನ್ನುವ ಆ ಡಬ್ಬಿಯೊಳಗೆ ಮೂರು ಬೇರೆ ಬೇರೆ ಕೀಗಳಿವೆ. ಒಂದು ಸತ್ತರೆ ಉಳಿದೆರಡು ಸಾಯುವುದಿಲ್ಲ. ಇಷ್ಟು ತಿಳಿದಿದ್ದರೆ ಅಂದು ನಾನು ಊದುತ್ತಾ ನಿಲ್ಲುತ್ತಿರಲಿಲ್ಲ.

ಮೊದಲನೆಯದು ರೇಡಿಯೊ. ಗುಂಡಿ ಒತ್ತಿದಾಗ ನಮ್ಮ ದೇಶದ ಬಹುಪಾಲು ಕಾರುಗಳ ರಿಮೋಟ್ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಸಂಕೇತ ಕಳಿಸುತ್ತದೆ. ಪ್ರತಿ ಸಲವೂ ಸಂಕೇತ ಬೇರೆ. ಕದ್ದು ಕೇಳಿಸಿಕೊಂಡವನು ಅದನ್ನೇ ಮತ್ತೆ ನುಡಿಸಿದರೆ ಕಾರು ಕಿವಿಗೊಡುವುದಿಲ್ಲ. ಈ ರೇಡಿಯೊಗೆ ಮಾತ್ರ ಶೆಲ್ಲು ಬೇಕು.

ಎರಡನೆಯದು ಇಮ್ಮೊಬಿಲೈಸರ್ ಚಿಪ್. ಇಂಜಿನ್ನಿಗೆ ಅಪ್ಪಣೆ ಕೊಡುವುದು ಇದು. ಇದಕ್ಕೆ ಶೆಲ್ಲೇ ಬೇಡ. ಇಗ್ನಿಷನ್ ಬೀಗದ ಸುತ್ತ, ಅಥವಾ ಸ್ಟಾರ್ಟ್ ಬಟನ್ನಿನ ಹಿಂದೆ ಇರುವ ತಂತಿಯ ಸುರುಳಿ ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಶಕ್ತಿ ಹೀರಿ ತನ್ನ ಗುರುತು ಹೇಳುತ್ತದೆ. ಸಾಮಾನ್ಯವಾಗಿ 125 ಕಿಲೋಹರ್ಟ್ಸ್. ಎಟುಕುವುದು ಕೆಲವು ಸೆಂಟಿಮೀಟರ್ ಮಾತ್ರ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಅನೇಕ ಕಾರುಗಳಲ್ಲಿ ಸತ್ತ ರಿಮೋಟನ್ನು ಬಟನ್ನಿಗೆ ತಾಗಿಸಿ ಹಿಡಿದರೆ ಗಾಡಿ ಹೊರಡುವುದು ಇದೇ ಕಾರಣಕ್ಕೆ. ಕೆಲವು ಮಾದರಿಗಳಲ್ಲಿ ತಾಗಿಸಬೇಕಾದ ಜಾಗ ಬೇರೆ ಇರುತ್ತದೆ. ಕಾರಿನ ಜೊತೆ ಕೊಟ್ಟ, ಯಾರೂ ತೆರೆಯದ ಪುಸ್ತಕದಲ್ಲಿ ಅದರ ಚಿತ್ರವಿದೆ.

ಮೂರನೆಯದು ಆ ಲೋಹದ ಕೀ. ಅದು ಡ್ರೈವರ್ ಬಾಗಿಲಿನದು. ಕೆಲವು ಕಾರುಗಳಲ್ಲಿ ಕೀ ಕಿಂಡಿಯೇ ಕಾಣುವುದಿಲ್ಲ. ಹಿಡಿಕೆಯ ತುದಿಯ ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿರುತ್ತದೆ. ಇದರಿಂದ ಬಾಗಿಲು ತೆರೆದರೆ ಕೆಲವು ಗಾಡಿಗಳು ಕಳ್ಳ ಬಂದನೆಂದು ಬೊಬ್ಬೆ ಹಾಕುತ್ತವೆ. ನನ್ನದೂ ಹಾಕಿತು. ಕಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ರಿಮೋಟನ್ನು ಬಟನ್ನಿಗೆ ಒತ್ತಿ ಹಿಡಿದೆ, ಇಂಜಿನ್ ಎದ್ದಿತು, ಸೈರನ್ ನಿಂತಿತು. "ಆನೇನೂ ಓಡಿಹೋಗಿರ್ತದೆ ಬಿಡಿ" ಅಂದ ಪಿಕಪ್ಪಿನವನು.

ನಕ್ಕೆವು ನಿಜ. ಆದರೆ ಈ ಬೆಟ್ಟಗಳಲ್ಲಿ ಆನೆಯ ಮಾತು ಪೂರ್ತಿ ನಗೆಯಲ್ಲ. ಎಂಟು ಸಲ ಮೈಸೂರು ದಸರೆಯ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟದ್ದು ಪಕ್ಕದ ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿಯ ದಬ್ಬಳ್ಳಿಕಟ್ಟೆಯಲ್ಲಿ. ಗುಂಪುಗಳ ಜಾಡು ಹಿಡಿಯಲು ಅರಣ್ಯ ಇಲಾಖೆ ಕೆಲವು ಆನೆಗಳ ಕೊರಳಿಗೆ ರೇಡಿಯೊ ಕಾಲರ್ ಕಟ್ಟಿದೆ. ಆನೆಯ ಕೊರಳಲ್ಲೂ ಬ್ಯಾಟರಿ, ನಮ್ಮ ಜೇಬಲ್ಲೂ ಬ್ಯಾಟರಿ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಕಾರಿನ ಹೊರಗೆ ಸಿಕ್ಕಿಕೊಳ್ಳುವುದು ಪೇಟೆಯ ಪಾರ್ಕಿಂಗಿನಲ್ಲಿ ಸಿಕ್ಕಿಕೊಂಡ ಹಾಗಲ್ಲ.

ವಾಚ್ ರಿಪೇರಿಯವರ ಮೇಜಿನ ಮೇಲೆ

ಮರುದಿನ ಬೆಳಿಗ್ಗೆ ಸಕಲೇಶಪುರ ಪೇಟೆಯ ವಾಚ್ ರಿಪೇರಿ ಅಂಗಡಿಗೆ ಹೋದೆ. ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಲೋಹದ ಕೀ ಇರುತ್ತಿದ್ದ ಸಂದಿಗೆ ಚಪ್ಪಟೆ ಸ್ಕ್ರೂಡ್ರೈವರ್ ತುದಿ ಇಟ್ಟು ತಿರುವಿದರು. ಟಕ್ ಎಂದು ಎರಡು ಹೋಳಾಯಿತು. ಶೆಲ್ಲು ಕಂಡಿತು, ಅದರ ಅಡಿಯ ತಗಡಿನ ಮೇಲೆ ಹಸಿರು ಮಚ್ಚೆ. "ಕಿಲುಬು" ಎಂದರು. ನಾಲ್ಕು ಮಳೆಗಾಲ ಒದ್ದೆ ಜರ್ಕಿನ್ನಿನ ಜೇಬಿನಲ್ಲಿ ಕಳೆದ ರಿಮೋಟಿಗೆ ಅದು ಬರದೇ ಇರುತ್ತದೆಯೇ? ಹಳೇ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜಿದರು, ಒಣಗಲು ಬಿಟ್ಟರು. ಆಮೇಲೆ ಹೊಸ ಶೆಲ್ಲನ್ನು ಅಂಚಿನಲ್ಲಿ ಹಿಡಿದು, ಪ್ಲಸ್ ಗುರುತು ಹಳೆಯದು ಇದ್ದ ಕಡೆಗೇ ಬರುವಂತೆ ಕೂರಿಸಿದರು. ಹತ್ತು ನಿಮಿಷ. ನೂರರ ನೋಟು ಕೊಟ್ಟೆ, ಚಿಲ್ಲರೆ ವಾಪಸು ಬಂತು.

ಶೆಲ್ಲಿನ ಮೇಲಿನ ಅಂಕಿ ಅದರ ಜಾತಕ. ಸಿಆರ್ 2032 ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಅಂದರೆ ಅದೇ ಅಗಲ, 2.5 ದಪ್ಪ. ಎರಡೂ 3 ವೋಲ್ಟಿನ ಲಿಥಿಯಂ ಶೆಲ್ಲುಗಳೇ. 2032 ಸಿಗಲಿಲ್ಲವೆಂದು 2025 ಹಾಕಿ, ಟಾರ್ಚಿಗೆ ಸಿಗರೇಟು ಪ್ಯಾಕಿನ ಬೇಗಡೆ ತುರುಕುತ್ತಿದ್ದ ಹಾಗೆ ತುರುಕಬೇಡಿ. ತಗಡು ಬಾಗುತ್ತದೆ, ಶಾರ್ಟ್ ಆಗುತ್ತದೆ. ಶೆಲ್ಲು ತೆಗೆದರೆ ಕಾರು ಕೀಯನ್ನು ಮರೆತುಬಿಡುತ್ತದೆ ಎಂಬ ಹೆದರಿಕೆಯೂ ಬೇಡ. ಗುರುತು ಶೆಲ್ಲಿನಲ್ಲಿಲ್ಲ, ಚಿಪ್ಪಿನಲ್ಲಿದೆ.

ಚಳಿಗಾಲದ ಮುಂಜಾನೆ ಮೊಂಡು ಹಿಡಿದು, ಬಿಸಿಲೇರಿದ ಮೇಲೆ ಸರಿಯಾಗುವ ರಿಮೋಟು ನಮ್ಮ ಕಡೆ ಬಹಳ. ಮಂಜು ರೇಡಿಯೊವನ್ನು ತಡೆಯುತ್ತದೆ ಎಂದು ಕೆಲವರ ವಾದ. ತಪ್ಪು ಮಂಜಿನದಲ್ಲ. ತಣ್ಣಗಾದಾಗ ಶೆಲ್ಲಿನೊಳಗಿನ ರೋಧ ಹೆಚ್ಚುತ್ತದೆ, ಗುಂಡಿ ಒತ್ತಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಹೊಸ ಶೆಲ್ಲು ಇದನ್ನು ತಡೆದುಕೊಳ್ಳುತ್ತದೆ, ಮುದಿ ಶೆಲ್ಲಿಗೆ ಆಗುವುದಿಲ್ಲ. ಅಂದರೆ ಮುಂಜಾನೆಯ ಮೊಂಡುತನವೇ ಮೊದಲ ನೋಟಿಸು.

ಇನ್ನೊಂದು ಮಾತು. ಮನೆಯಲ್ಲಿರುವ ಎರಡನೇ ಕೀಯೂ ಕೆಲಸ ಮಾಡದೆ, ಬಾಗಿಲು ತೆರೆದಾಗ ಒಳಗಿನ ದೀಪವೂ ಹತ್ತದಿದ್ದರೆ ಕೀಯನ್ನು ಬೈಯಬೇಡಿ. ಬಾನೆಟ್ಟಿನಡಿಯ 12 ವೋಲ್ಟಿನ ಬ್ಯಾಟರಿ ಮಲಗಿದೆ. ಜಡಿಮಳೆಯ ವಾರಗಳಲ್ಲಿ ಶೆಡ್ಡಿನಲ್ಲೇ ನಿಂತ ಕಾರುಗಳಿಗೆ ಇದು ಸಾಮಾನ್ಯ.

ಕವಚ ಬದಲಿಸಿದರು, ಕಾರು ನಿಂತಿತು

ರಬ್ಬರ್ ಗುಂಡಿ ಹರಿದರೆ, ಕವಚ ಒಡೆದರೆ ಅಂಗಡಿಯಲ್ಲಿ ಖಾಲಿ ಕವಚ ಸಿಗುತ್ತದೆ. ಸರ್ಕ್ಯೂಟನ್ನು ಎತ್ತಿ ಹೊಸದರಲ್ಲಿ ಕೂರಿಸಿದರಾಯಿತು. ಇಲ್ಲಿಯೇ ಅನೇಕರು ಎಡವುವುದು. ಕೆಲವು ಕೀಗಳಲ್ಲಿ ಇಮ್ಮೊಬಿಲೈಸರ್ ಚಿಪ್ ಸರ್ಕ್ಯೂಟಿನ ಮೇಲಿರದೆ, ಜೀರಿಗೆ ಮಿಠಾಯಿಯಷ್ಟು ಸಣ್ಣ ತುಣುಕಾಗಿ ಕವಚದ ಮೂಲೆಯಲ್ಲಿ ಬೇರೆಯಾಗಿ ಕೂತಿರುತ್ತದೆ. ಅದರ ಸಮೇತ ಹಳೇ ಕವಚವನ್ನು ಕಸಕ್ಕೆ ಎಸೆದರೆ ಬಾಗಿಲು ತೆರೆಯುತ್ತದೆ, ಇಂಜಿನ್ ಏಳುವುದಿಲ್ಲ. ಗಾಡಿ ಸ್ಟಾರ್ಟ್ ಆಗುವವರೆಗೆ ಹಳೇ ಕವಚ ಎಸೆಯಬೇಡಿ.

ಕೀಯೇ ಕಳೆದರೆ ಮಾತು ನೂರರಿಂದ ಸಾವಿರಗಳಿಗೆ ಏರುತ್ತದೆ. ಹೊಸ ಕೀಗೆ ಹಲ್ಲು ಕತ್ತರಿಸಬೇಕು, ಚಿಪ್ಪನ್ನು ಕಂಪ್ಯೂಟರ್ ಜೋಡಿಸಿ ಕಾರಿಗೆ ಪರಿಚಯಿಸಬೇಕು. ಆರ್‌ಸಿ, ಗುರುತಿನ ಚೀಟಿ, ಸಾಮಾನ್ಯವಾಗಿ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ ಕೇಳುತ್ತಾರೆ. ಎರಡೂ ಕೀ ಕಳೆದಿದ್ದರೆ ಕಾರನ್ನು ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ಆಚೆಯ ಹಾಸನಕ್ಕೆ ಎಳೆಸಿಕೊಂಡು ಹೋಗಬೇಕಾದೀತು. ಹೊಸ ಕಾರಿನ ಜೊತೆ ಕೀ ಸಂಖ್ಯೆ ಬರೆದ ಸಣ್ಣ ಬಿಲ್ಲೆ ಕೊಟ್ಟಿದ್ದರೆ ಅದನ್ನು ಕಾರಿನಲ್ಲಲ್ಲ, ಮನೆಯಲ್ಲಿಡಿ. ಕಾರು ಕಳುವಾದರೆ ವಿಮೆಯವರು ಎರಡೂ ಕೀ ಕೇಳುತ್ತಾರೆ ಎಂಬುದೂ ನೆನಪಿರಲಿ.

ನಾಣ್ಯದ ಆಕಾರದ ಅಪಾಯ

ತೆಗೆದ ಹಳೇ ಶೆಲ್ಲನ್ನು ಮೇಜಿನ ಮೇಲೆ ಬಿಡುವುದು ನಮ್ಮೆಲ್ಲರ ಅಭ್ಯಾಸ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ರಿಮೋಟಿಗೆ ಸತ್ತ ಶೆಲ್ಲಿನಲ್ಲೂ ಜೀವ ಉಳಿದಿರುತ್ತದೆ. 20 ಮಿಲಿಮೀಟರಿನ ಈ ಬಿಲ್ಲೆ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರವಾಗಿ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ, ಊಟ ಕೊಡದೆ ಕೂಡಲೇ ಆಸ್ಪತ್ರೆಗೆ ಓಡಿ, ಎಕ್ಸ್‌ರೇ ಆಗಲೇಬೇಕು. ಒಂದು ವರ್ಷ ದಾಟಿದ, ನುಂಗಲು ಕಷ್ಟವಿಲ್ಲದ ಮಗುವಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನು ಕೊಡಬಹುದೆಂದು ವಿಷಚಿಕಿತ್ಸಾ ತಜ್ಞರು ಹೇಳುತ್ತಾರೆ. ಜೇನು ಹುಡುಕುತ್ತಾ ಮಾತ್ರ ತಡಮಾಡಬೇಡಿ. ಬಳಸಿದ ಶೆಲ್ಲಿನ ಎರಡೂ ಮುಖಕ್ಕೆ ಟೇಪು ಸುತ್ತಿ ಎತ್ತಿಡಿ, ಇ-ತ್ಯಾಜ್ಯಕ್ಕೆ ಕೊಡಿ. ಕಾಫಿ ಗಿಡದ ಬುಡ ಅದರ ಜಾಗವಲ್ಲ.

ಈಗ ನನ್ನ ಬದಲಿ ಶೆಲ್ಲು ಡ್ಯಾಶ್‌ಬೋರ್ಡಿನಲ್ಲಿಲ್ಲ. ಪ್ಯಾಕೆಟ್ ಒಡೆಯದೆ ಪರ್ಸಿನಲ್ಲಿದೆ. ನೀವೂ ಈ ಪುರವಣಿ ಮಡಚಿಟ್ಟು ನಿಮ್ಮ ರಿಮೋಟನ್ನು ಕೈಗೆತ್ತಿಕೊಳ್ಳಿ. ಒಳಗಿನ ಕೀ ಎಳೆದು ತೆಗೆಯಿರಿ, ಅಂಗಳಕ್ಕೆ ಹೋಗಿ ಅದರಿಂದಲೇ ಒಮ್ಮೆ ಬಾಗಿಲು ತೆರೆಯಿರಿ. ವರ್ಷಗಟ್ಟಲೆ ಬಳಸದ ಕಿಂಡಿ ಬಿಗಿದುಕೊಂಡಿದ್ದರೆ ಅದು ಗೊತ್ತಾಗಬೇಕಾದದ್ದು ಭಾನುವಾರದ ಬಿಸಿಲಲ್ಲಿ, ನಿಮ್ಮ ಮನೆಯ ಮುಂದೆ.