ಪಾರ್ಮೋಟ್ರೀಮ ಕಲ್ಲುಹೂಗಳು: ಲಕ್ಷಣ ಮತ್ತು ಆವಾಸ

ಮಸಾಲೆ ಪದಾರ್ಥವಾಗಿ ಕನ್ನಡಿಗರಿಗೆ ಪರಿಚಿತವಾದ ಕಲ್ಲುಹೂ, ಹೂವೂ ಅಲ್ಲ, ಕಲ್ಲಿಗಷ್ಟೇ ಸೀಮಿತವೂ ಅಲ್ಲ. ಶಿಲೀಂಧ್ರ ಮತ್ತು ಹಸಿರು ಶೈವಲಗಳ ಸಹಜೀವನದಿಂದ ರೂಪುಗೊಂಡ ಲೈಕೆನ್ ಅದು. ಈ ಹೆಸರಿನಲ್ಲಿ ಮಾರಾಟವಾಗುವ ಸರಕು ಸಾಮಾನ್ಯವಾಗಿ ಹಲವು ಪ್ರಭೇದಗಳ ಮಿಶ್ರಣವಾಗಿದ್ದು, ಅದರಲ್ಲಿ ಪಾರ್ಮೋಟ್ರೀಮ ಕುಲದ ಪ್ರಭೇದಗಳಿಗೆ ಪ್ರಮುಖ ಸ್ಥಾನವಿದೆ. ಯಾವ ಪ್ರಭೇದ ಯಾವ ಆವಾಸದಿಂದ ಬಂದಿತೆಂಬುದು ತಿಳಿಯದೆ ಸಂಗ್ರಹದ ಮಿತಿಯನ್ನು ನಿರ್ಧರಿಸಲಾಗದು. ಆದ್ದರಿಂದ ಇವುಗಳ ಲಕ್ಷಣ ಮತ್ತು ಆವಾಸಗಳನ್ನು ಒಟ್ಟಾಗಿ ಪರಿಶೀಲಿಸುವುದು ಅವಶ್ಯಕ.

ಪಾರ್ಮೋಟ್ರೀಮ ಎಂಬ ಹೆಸರನ್ನು ಇಟಲಿಯ ಮಸ್ಸಲೋಂಗೊ 1860ರಲ್ಲಿ ಸೂಚಿಸಿದರೂ, ಈ ಪ್ರಭೇದಗಳು ಬಹುಕಾಲ ಪಾರ್ಮೀಲಿಯ ಕುಲದಲ್ಲಿಯೇ ಉಳಿದಿದ್ದವು. 1974ರಲ್ಲಿ ಅಮೆರಿಕದ ಮೇಸನ್ ಹೇಲ್ ಅನೇಕ ಪ್ರಭೇದಗಳನ್ನು ಪಾರ್ಮೋಟ್ರೀಮಕ್ಕೆ ವರ್ಗಾಯಿಸಿದರು. ಭಾರತದ ಪಾರ್ಮೀಲಿಯ ಕುರಿತು ಲಖನೌದ ಡಿ.ಡಿ. ಅವಸ್ಥಿ 1976ರಲ್ಲಿ ವಿಸ್ತೃತ ಪ್ರಬಂಧ ಪ್ರಕಟಿಸಿದರು.

ಲಕ್ಷಣಗಳು

ಎಲೆಯಂತೆ ಹರಡುವ ಇವುಗಳ ಹಾಲೆಗಳು ಅಗಲವಾಗಿದ್ದು ತುದಿಯಲ್ಲಿ ದುಂಡಾಗಿರುತ್ತವೆ. ಮೇಲ್ಮೈ ಸಾಮಾನ್ಯವಾಗಿ ಬೂದುಬಣ್ಣದ್ದು. ಕೆಳಮೈ ನಡುವೆ ಕಪ್ಪಾಗಿದ್ದು ಅಂಚಿನತ್ತ ಕಂದಾಗುತ್ತದೆ. ಆಧಾರಕ್ಕೆ ಅಂಟಿಕೊಳ್ಳಲು ನೆರವಾಗುವ ರೈಜೀನ್‌ಗಳು ಬಹುಮಟ್ಟಿಗೆ ಅಂಚಿನ ಪಟ್ಟಿಯಲ್ಲಿ ಕಂಡುಬರುವುದಿಲ್ಲ. ಹಲವು ಪ್ರಭೇದಗಳ ಅಂಚಿನಲ್ಲಿ ಕಪ್ಪು ರೋಮಗಳಿರುತ್ತವೆ.

ಪ್ರಭೇದಗಳನ್ನು ಬೇರ್ಪಡಿಸಲು ಬರಿಗಣ್ಣಿನ ನೋಟ ಸಾಲದು. ಪಾರ್ಮೋಟ್ರೀಮ ಟಿಂಕ್ಟೋರಮ್‌ನಲ್ಲಿ ಅಂಚಿನ ರೋಮಗಳಿಲ್ಲ. ಮೇಲ್ಮೈಯಲ್ಲಿ ಐಸಿಡಿಯ ಎಂಬ ಸೂಕ್ಷ್ಮ ಕಡ್ಡಿಯಂಥ ರಚನೆಗಳಿವೆ. ಅದರ ಒಳಪದರಕ್ಕೆ ಚಲುವೆದ್ರಾವಣ ಸೋಕಿಸಿದರೆ, ಲೆಕನೋರಿಕ್ ಆಮ್ಲದ ಕಾರಣ ಕೆಂಪುಬಣ್ಣ ಮೂಡುತ್ತದೆ. ಪಾ. ರೆಟಿಕ್ಯುಲೇಟಮ್‌ನ ಮೇಲ್ಮೈಯಲ್ಲಿ ಬಲೆಯಂಥ ಬಿಳಿಯ ಬಿರುಕುಗಳಿದ್ದು, ಹಾಲೆಗಳ ತುದಿಯಲ್ಲಿ ಸೊರೀಡಿಯ ಎಂಬ ಪುಡಿ ಉಂಟಾಗುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತಾಗಿದಾಗ ಇದರ ಒಳಪದರ ಮೊದಲು ಹಳದಿ, ಅನಂತರ ಕೆಂಪಾಗುತ್ತದೆ. ಸಲಾಜಿನಿಕ್ ಆಮ್ಲ ಇದಕ್ಕೆ ಕಾರಣ. ನೀಲಗಿರಿಯ ಹೆಸರನ್ನು ಹೊತ್ತ ಪಾ. ನಿಲ್ಗೆರೆನ್ಸ್‌ನಲ್ಲಿ ಈ ಎರಡೂ ಕಾಯಕ ರಚನೆಗಳಿಲ್ಲ; ಬಟ್ಟಲಿನಾಕಾರದ ದೊಡ್ಡ ಬೀಜಕಕೋಶಗಳಿವೆ.

ಆವಾಸ

ಬೇರುಗಳಿಲ್ಲದ ಈ ಜೀವಿಗಳು ಮಳೆ, ಇಬ್ಬನಿ ಮತ್ತು ಮಂಜಿನಿಂದ ನೀರನ್ನು ಮೈಮೇಲಿಂದಲೇ ಹೀರುತ್ತವೆ. ಆದುದರಿಂದ ತೇವ ಮತ್ತು ಬೆಳಕು ಎರಡೂ ದೊರೆಯುವ ತಾಣಗಳು ಇವಕ್ಕೆ ಅನುಕೂಲ. ಪಶ್ಚಿಮಘಟ್ಟ ಹಾಗೂ ಹಿಮಾಲಯದ ತೆರೆದ ಕಾಡುಗಳಲ್ಲಿ ಮರಗಳ ತೊಗಟೆ ಮತ್ತು ಪಾಚಿಗಟ್ಟಿದ ಬಂಡೆಗಳ ಮೇಲೆ ಇವು ನೆಲೆಸುತ್ತವೆ. ದಟ್ಟ ನೆರಳಿನಲ್ಲಿ ವಿರಳ. ಟಿಂಕ್ಟೋರಮ್‌ಗೆ ಜಪಾನೀ ಭಾಷೆಯಲ್ಲಿರುವ ‘ಉಮೆನೋಕಿಗೊಕೆ’ ಎಂಬ ಹೆಸರಿನ ಅರ್ಥ ‘ಉಮೆ ಮರದ ಪಾಚಿ’. ಕನ್ನಡದ ಹೆಸರು ಬಂಡೆಯನ್ನು ಸೂಚಿಸಿದರೆ, ಆ ಹೆಸರು ತೊಗಟೆಯನ್ನು ಗುರುತಿಸುತ್ತದೆ.

ಗಾಳಿಯಿಂದಲೇ ಪೋಷಣೆ ಪಡೆಯುವುದರಿಂದ ಗಂಧಕದ ಡೈಆಕ್ಸೈಡ್ ಇವುಗಳಿಗೆ ಬಹುಬೇಗ ಹಾನಿಮಾಡುತ್ತದೆ. ಜಪಾನಿನ ಕೈಗಾರಿಕಾ ನಗರಗಳಲ್ಲಿ ಈ ಪ್ರಭೇದದ ಕಣ್ಮರೆಯನ್ನು ವಾಯುಮಾಲಿನ್ಯದ ಸೂಚಕವಾಗಿ ಅಧ್ಯಯನ ಮಾಡಲಾಗಿದೆ.

ಲೈಕೆನ್‌ಗಳ ಬೆಳವಣಿಗೆ ಬಹಳ ನಿಧಾನ. ಅಂಗೈಯಗಲದ ಒಂದು ಕಲ್ಲುಹೂವನ್ನು ಕ್ಷಣದಲ್ಲಿ ಕೆರೆದು ತೆಗೆಯಬಹುದು. ಅದು ಮರಳಿ ಬೆಳೆಯಲು ಹಲವು ವರ್ಷಗಳು ಬೇಕು. ಸಂಗ್ರಹಿತ ಮಾದರಿಯ ಚೀಟಿಯಲ್ಲಿ ಪ್ರಭೇದದ ಹೆಸರಿನೊಡನೆ ಆಶ್ರಯಮರ, ಎತ್ತರ ಮತ್ತು ಬೆಳಕಿನ ಪ್ರಮಾಣಗಳನ್ನೂ ದಾಖಲಿಸಿದಾಗ ಮಾತ್ರ, ಯಾವ ಕಾಡಿನಿಂದ ಎಷ್ಟನ್ನು ತೆಗೆಯಬಹುದು ಎಂಬ ಪ್ರಶ್ನೆಗೆ ಆಧಾರಸಹಿತ ಉತ್ತರ ದೊರೆಯಬಲ್ಲದು.