ಏಳಲೊಲ್ಲದ ಸರ್ವರ್

ಡೇಟಾಬೇಸ್ ಸರ್ವರ್ ನಿಂತುಹೋಗುವುದು ಒಂದು, ನಿಂತದ್ದು ಮತ್ತೆ ಏಳಲು ಒಪ್ಪದಿರುವುದು ಇನ್ನೊಂದು. ನಿಲ್ಲುವುದಕ್ಕೆ ಕರೆಂಟು ಹೋದರೂ ಸಾಕು. ಏಳಲು ಒಪ್ಪದಿರುವುದು ಮಾತ್ರ ಹೆಚ್ಚಿನ ಸಲ ಅದನ್ನು ರೂಪಿಸಿದವರು ಬೇಕೆಂದೇ ಇಟ್ಟಿರುವ ಗುಣ. ಮುಂದೆ ಹೋದರೆ ದತ್ತಾಂಶ ಕೆಡಬಹುದೆಂಬ ಅನುಮಾನ ಬಂದ ಕೂಡಲೇ ಸರ್ವರ್ ಇದ್ದಲ್ಲೇ ನಿಂತು, ಕಾರಣವನ್ನು ಒಂದೆರಡು ಸಾಲಿನಲ್ಲಿ ಬರೆದಿಟ್ಟು ಮುಚ್ಚಿಕೊಳ್ಳುತ್ತದೆ. ಆ ಸಾಲು ಓದದೆ ಬಲವಂತವಾಗಿ ಎಬ್ಬಿಸಲು ಹೊರಟಾಗಲೇ ಅರ್ಧ ಗಂಟೆಯ ತೊಂದರೆ ಅರ್ಧ ತಿಂಗಳಿನದಾಗುವುದು.

ಪೋಸ್ಟ್‌ಗ್ರೆಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಸಂಗಡಿಗರು 1986ರಲ್ಲಿ ಕೈಗೆತ್ತಿಕೊಂಡ ಯೋಜನೆಯಿಂದ ಹುಟ್ಟಿ, 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರು ಪಡೆದ ತಂತ್ರಾಂಶವಿದು. ಇದರ ಕೋಡ್ ಯಾರು ಬೇಕಾದರೂ ಓದುವಂತೆ ತೆರೆದಿದೆ. ಆದ್ದರಿಂದ ಇದು ಯಾವಾಗ, ಏಕೆ ಹಟ ಹಿಡಿಯುತ್ತದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ.

ಏಳುವಾಗ ಸರ್ವರ್ ಗೊತ್ತಾದ ಕ್ರಮವೊಂದನ್ನು ಅನುಸರಿಸುತ್ತದೆ. ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತಿದ್ದೇನೆ ಎಂದು ನೋಡಿಕೊಳ್ಳುತ್ತದೆ. ಸೆಟ್ಟಿಂಗ್ ಫೈಲ್ ಓದುತ್ತದೆ. ಡೇಟಾ ಫೋಲ್ಡರಿನ ಒಡೆತನ, ಅನುಮತಿ, ಆವೃತ್ತಿ ಮೂರನ್ನೂ ಪರೀಕ್ಷಿಸುತ್ತದೆ. ಆ ಫೋಲ್ಡರಿಗೆ ತನ್ನ ಬೀಗ ಹಾಕುತ್ತದೆ. ಮೆಮೊರಿಯನ್ನೂ ಪೋರ್ಟನ್ನೂ ಪಡೆಯುತ್ತದೆ. ಕಡೆಗೆ, ಹಿಂದಿನ ಸಲ ತಾನು ಹೇಗೆ ನಿಂತಿದ್ದೆ ಎಂದು ತಿಳಿದುಕೊಂಡು, ಅರ್ಧಕ್ಕೆ ಬಿಟ್ಟ ಕೆಲಸವಿದ್ದರೆ ಮುಗಿಸಿ, ಸಂಪರ್ಕಗಳಿಗೆ ಬಾಗಿಲು ತೆರೆಯುತ್ತದೆ. ಯಾವ ಮೆಟ್ಟಿಲಲ್ಲಿ ಎಡವಿತು ಎಂಬುದು ಮುಖ್ಯ. ಮೊದಲ ಮೆಟ್ಟಿಲುಗಳಲ್ಲಿ ಎಡವಿದ್ದರೆ ದತ್ತಾಂಶವನ್ನು ಯಾರೂ ಮುಟ್ಟಿಯೇ ಇಲ್ಲ, ಗಾಬರಿಗೆ ಕಾರಣವಿಲ್ಲ. ಕಡೆಯ ಮೆಟ್ಟಿಲಲ್ಲಿ ಎಡವಿದ್ದರೆ ಕೈ ಕಟ್ಟಿ ಕುಳಿತು ಯೋಚಿಸುವ ಹೊತ್ತು ಅದು.

ಎಡವಿದ ಮೆಟ್ಟಿಲು ಯಾವುದೆಂದು ಹೇಳುವುದು ಲಾಗ್. ಇದನ್ನು ಹುಡುಕುವುದೇ ಕೆಲವೊಮ್ಮೆ ಮೊದಲ ತೊಡಕು. ಲಿನಕ್ಸ್ ಬಗೆಗಳಾದ ಡೆಬಿಯನ್ ಮತ್ತು ಉಬುಂಟುಗಳಲ್ಲಿ ಪೋಸ್ಟ್‌ಗ್ರೆಸ್ ಸೇವೆಯ ಸ್ಥಿತಿ ಕೇಳಿದರೆ ‘ಸಕ್ರಿಯ’ ಎಂದೇ ಉತ್ತರ ಬರುತ್ತದೆ, ಒಳಗಿನ ಸರ್ವರ್ ಸತ್ತಿದ್ದರೂ! ಆ ಹೆಸರಿನ ಸೇವೆ ಬರೀ ಹೊದಿಕೆ. ನಿಜವಾದ ಸೇವೆಯ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆಯೂ ಕ್ಲಸ್ಟರಿನ (ಒಂದು ಸರ್ವರ್ ನೋಡಿಕೊಳ್ಳುವ ಡೇಟಾಬೇಸ್‌ಗಳ ಗುಂಪಿನ) ಹೆಸರೂ ಸೇರಿರುತ್ತವೆ, ಅದನ್ನೇ ಕೇಳಬೇಕು. ಈ ಎರಡು ವ್ಯವಸ್ಥೆಗಳಲ್ಲಿ ಲಾಗ್‌ಗಳು ವ್ಯವಸ್ಥೆಯ ಸಾಮಾನ್ಯ ಲಾಗ್ ಫೋಲ್ಡರಿನ ಕೆಳಗೆ ಇರುತ್ತವೆ, ರೆಡ್ ಹ್ಯಾಟ್ ಬಳಗದಲ್ಲಿ ಡೇಟಾ ಫೋಲ್ಡರಿನ ಒಳಗೇ ಇರುತ್ತವೆ. ಲಾಗ್ ಬರೆಯುವ ಏರ್ಪಾಡು ಶುರುವಾಗುವ ಮುನ್ನವೇ ಸರ್ವರ್ ಬಿದ್ದಿದ್ದರೆ ಅದರ ಕೊನೆಯ ಮಾತು ಸಿಗುವುದು ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಂಡಿಯ ಜರ್ನಲ್‌ನಲ್ಲಿ. ಲಾಗ್ ಖಾಲಿಯಾಗಿದೆ ಎಂದು ಕೈಚೆಲ್ಲುವವರು ಹೆಚ್ಚಾಗಿ ಈ ಎರಡನೆಯ ಜಾಗ ನೋಡಿರುವುದಿಲ್ಲ.

ಸೆಟ್ಟಿಂಗ್ ಫೈಲಿನ ತಪ್ಪುಗಳು ಸುಲಭದವು. ಗೊತ್ತಿಲ್ಲದ ಹೆಸರೋ ಹೊಂದದ ಮೌಲ್ಯವೋ ಕಂಡರೆ ಸರ್ವರ್ ಆ ಸೆಟ್ಟಿಂಗಿನ ಹೆಸರು ಹಿಡಿದೇ ಹೇಳುತ್ತದೆ. ಆದರೆ ಇಲ್ಲೊಂದು ಕಾಲದ ಆಟವಿದೆ. ಮೆಮೊರಿಯ ಗಾತ್ರ, ಸಂಪರ್ಕಗಳ ಮಿತಿಯಂಥ ಹಲವು ಸೆಟ್ಟಿಂಗ್‌ಗಳು ಸರ್ವರ್ ಮರುಪ್ರಾರಂಭವಾದಾಗ ಮಾತ್ರ ಜಾರಿಗೆ ಬರುತ್ತವೆ. ತಿಂಗಳುಗಳ ಹಿಂದೆ ಯಾರೋ ತಿದ್ದಿ ಮರೆತದ್ದು, ಯಾವುದೋ ಸಂಬಂಧವಿಲ್ಲದ ಕೆಲಸಕ್ಕೆಂದು ಸರ್ವರ್ ನಿಲ್ಲಿಸಿದ ದಿನ ಎದ್ದು ಬರುತ್ತದೆ. ‘ಇವತ್ತು ಏನನ್ನೂ ಬದಲಿಸಿಲ್ಲ’ ಎಂಬ ಮಾತು ಆಗ ಸತ್ಯವೂ ಹೌದು, ನಿರುಪಯೋಗಿಯೂ ಹೌದು.

ಒಡೆತನದ ವಿಷಯದಲ್ಲಿ ಪೋಸ್ಟ್‌ಗ್ರೆಸ್ ಬಲು ನಿಷ್ಠುರ. ಸರ್ವಾಧಿಕಾರವುಳ್ಳ ರೂಟ್ ಬಳಕೆದಾರನ ಹೆಸರಿನಲ್ಲಿ ಅದು ಏಳುವುದೇ ಇಲ್ಲ. ಡೇಟಾಬೇಸಿನಲ್ಲಿ ಒಂದು ಬಿರುಕು ಸಿಕ್ಕರೆ ಇಡೀ ಯಂತ್ರವೇ ಕಳ್ಳರ ಕೈಗೆ ಹೋದೀತೆಂಬುದು ಕಾರಣ. ಡೇಟಾ ಫೋಲ್ಡರಿನ ಅನುಮತಿ 0700 ಅಥವಾ 0750 ಇರಬೇಕು, ಎರಡನೆಯದಕ್ಕೆ ಒಪ್ಪಿಗೆ ಸಿಕ್ಕಿದ್ದೂ 11ನೇ ಆವೃತ್ತಿಯಿಂದ. ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿದಾಗ ಒಡೆಯನ ಹೆಸರು ಬದಲಾಗಿ ಇಲ್ಲಿ ಸಿಕ್ಕಿಕೊಳ್ಳುವುದು ದಿನನಿತ್ಯದ ಸಂಗತಿ. ಪರಿಹಾರಕ್ಕೆಂದು ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಬರೆದರೆ ಸರ್ವರ್ ಅದನ್ನೂ ತಳ್ಳಿಹಾಕುತ್ತದೆ. ಅನುಮತಿಗಳೆಲ್ಲ ಸರಿಯಿದ್ದೂ ‘ಪ್ರವೇಶವಿಲ್ಲ’ ಎಂಬ ಉತ್ತರ ಬಂದರೆ ಎಸ್‌ಇಲಿನಕ್ಸ್ ಅಥವಾ ಆಪ್‌ಆರ್ಮರ್‌ನಂಥ ಎರಡನೆಯ ಕಾವಲು ಅಡ್ಡ ನಿಂತಿದೆಯೇ ಎಂದು ನೋಡಬೇಕು. ಇನ್ನು ಆವೃತ್ತಿ: 15ನೇ ಆವೃತ್ತಿ ಬರೆದ ಫೈಲುಗಳನ್ನು 16ನೆಯದು ನೇರವಾಗಿ ತೆರೆಯುವುದಿಲ್ಲ. ತಂತ್ರಾಂಶ ಅಪ್‌ಗ್ರೇಡ್ ಆಗಿ ದತ್ತಾಂಶ ಹಳೆಯದಾಗಿಯೇ ಉಳಿದಿದ್ದರೆ ಪಿಜಿ ಅಪ್‌ಗ್ರೇಡ್ ಎಂಬ ಉಪಕರಣದಿಂದ ಅದನ್ನೂ ಮೇಲೆ ತರಬೇಕು.

ಬೀಗದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ಒಂದೇ ಡೇಟಾ ಫೋಲ್ಡರನ್ನು ಎರಡು ಸರ್ವರ್‌ಗಳು ಏಕಕಾಲಕ್ಕೆ ತೆರೆದರೆ ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತ ನಿಮಿಷಗಳಲ್ಲಿ ಎಲ್ಲವೂ ಹಾಳು. ಇದನ್ನು ತಡೆಯಲೆಂದು ಸರ್ವರ್ ‘ಪೋಸ್ಟ್‌ಮಾಸ್ಟರ್ ಡಾಟ್ ಪಿಐಡಿ’ ಎಂಬ ಪುಟ್ಟ ಫೈಲ್ ಬರೆದಿಡುತ್ತದೆ. ಅದರ ಮೊದಲ ಸಾಲಿನಲ್ಲಿ ಸರ್ವರಿನ ಪ್ರಕ್ರಿಯೆ ಸಂಖ್ಯೆ, ಮುಂದೆ ಫೋಲ್ಡರಿನ ವಿಳಾಸ, ಶುರುವಾದ ಹೊತ್ತು, ಪೋರ್ಟ್, ಹಂಚಿಕೆಯ ಮೆಮೊರಿಯ ಗುರುತು ಇತ್ಯಾದಿ. ಕರೆಂಟು ಹೋಗಿ ಯಂತ್ರ ಸತ್ತಾಗ ಈ ಫೈಲ್ ಹಾಗೇ ಉಳಿದಿರುತ್ತದೆ. ಸಾಮಾನ್ಯವಾಗಿ ಹೊಸದಾಗಿ ಏಳುವ ಸರ್ವರ್ ಆ ಸಂಖ್ಯೆಯ ಪ್ರಕ್ರಿಯೆ ಜೀವಂತವಿದೆಯೇ ಎಂದು ನೋಡಿ, ಇಲ್ಲವಾದರೆ ತಾನೇ ಹಳೆಯ ಬೀಗ ತೆಗೆದುಹಾಕುತ್ತದೆ. ಆದ್ದರಿಂದ ‘ಇನ್ನೊಂದು ಸರ್ವರ್ ಓಡುತ್ತಿದೆ’ ಎಂದು ಅದು ಹೇಳಿದರೆ ಬಹುತೇಕ ಓಡುತ್ತಲೇ ಇರುತ್ತದೆ, ಅಥವಾ ಸತ್ತ ಸರ್ವರಿನ ಮರಿ ಪ್ರಕ್ರಿಯೆಗಳಾದರೂ ಇನ್ನೂ ಉಸಿರಾಡುತ್ತಿರುತ್ತವೆ. ಪ್ರಕ್ರಿಯೆಗಳ ಪಟ್ಟಿ ನೋಡದೆ ಈ ಫೈಲನ್ನು ಅಳಿಸುವುದು ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲೇ ಅತಿ ಅಪಾಯದ್ದು.

ಕಂಟೇನರ್‌ಗಳು ಬಂದ ಮೇಲೆ ಈ ಬೀಗಕ್ಕೆ ಒಂದು ಹೊಸ ದೌರ್ಬಲ್ಯ ಅಂಟಿಕೊಂಡಿದೆ. ಪ್ರತಿ ಕಂಟೇನರಿನಲ್ಲೂ ಮುಖ್ಯ ಪ್ರಕ್ರಿಯೆಯ ಸಂಖ್ಯೆ ಸಾಮಾನ್ಯವಾಗಿ 1. ಎರಡು ಕಂಟೇನರ್‌ಗಳು ಒಂದೇ ಡೇಟಾ ಫೋಲ್ಡರನ್ನು ಹಂಚಿಕೊಂಡರೆ, ಬೀಗದಲ್ಲಿ 1 ಎಂದು ಕಂಡ ಎರಡನೆಯ ಸರ್ವರ್ ಅದು ತನ್ನದೇ ಸಂಖ್ಯೆಯೆಂದು ತಿಳಿದು, ಹಳೆಯ ಬೀಗವೆಂದು ಭಾವಿಸಿ ಒಳನುಗ್ಗಬಲ್ಲದು. ಇಲ್ಲಿ ನಿರಾಕರಿಸಬೇಕಾದದ್ದು ನಿರಾಕರಿಸದೆ ಏಳುತ್ತದೆ, ಅದೇ ಹೆಚ್ಚು ಭಯಪಡಬೇಕಾದ ಸಂಗತಿ.

ಪೋರ್ಟಿನ ಜಗಳ ಇದರ ಮುಂದೆ ಏನೂ ಅಲ್ಲ. ಪೋಸ್ಟ್‌ಗ್ರೆಸ್‌ನ ರೂಢಿಯ ಪೋರ್ಟ್ 5432, ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನದು 3306. ಬೇರೊಬ್ಬರು ಹಿಡಿದಿದ್ದರೆ ಯಾರೆಂದು ಹುಡುಕಿ ನಿಲ್ಲಿಸಬೇಕು, ಇಲ್ಲವೇ ಪೋರ್ಟ್ ಬದಲಿಸಬೇಕು.

ಮೆಮೊರಿ ಮತ್ತು ಸೆಮಫೋರ್‌ಗಳ ಹಂತದಲ್ಲಿ ಒಂದು ದಾರಿತಪ್ಪಿಸುವ ಸಂದೇಶವಿದೆ. ಸೆಮಫೋರ್ ಎಂದರೆ ಹಲವು ಪ್ರಕ್ರಿಯೆಗಳು ಸರದಿ ಕಾಯಲು ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್ ಕೊಡುವ ಸಾಧನ, ಪ್ರತಿ ಸಂಪರ್ಕಕ್ಕೂ ಒಂದು ಬೇಕು. ಹಳೆಯ ಬಗೆಯ ಸೆಮಫೋರ್‌ಗಳ ಮಿತಿ ಮುಗಿದಾಗ ಕರ್ನೆಲ್ ಕೊಡುವ ಉತ್ತರ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂಬ ಅರ್ಥದ್ದು! ಡಿಸ್ಕ್ ಖಾಲಿಯಿದ್ದರೂ ಹಾಗೆಯೇ ಬರುತ್ತದೆ. ಎಷ್ಟು ಜನ ಮೋಸಹೋದರೋ ಏನೋ, ಪೋಸ್ಟ್‌ಗ್ರೆಸ್ ತನ್ನ ಸಂದೇಶದ ಕೆಳಗೆ ‘ಇದು ಡಿಸ್ಕ್ ತುಂಬಿರುವ ದೋಷವಲ್ಲ’ ಎಂಬ ವಿವರಣೆಯನ್ನೇ ಸೇರಿಸಿಬಿಟ್ಟಿದೆ. 10ನೇ ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಬೇರೆ ಬಗೆಯ ಸೆಮಫೋರ್ ಬಳಕೆಗೆ ಬಂದು ಈ ಕಾಟ ತಗ್ಗಿತು.

ಈ ಸೆಮಫೋರ್ ತಕರಾರು ಒಂದು ಪ್ರಸಿದ್ಧ ಅವಘಡದಲ್ಲೂ ಇಣುಕಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಮುಖ್ಯ ಡೇಟಾಬೇಸಿನ ಪ್ರತಿಯಾಗಿದ್ದ ಎರಡನೆಯ ಸರ್ವರ್ ಹಿಂದೆ ಬಿತ್ತು. ಅದನ್ನು ಹೊಸದಾಗಿ ಕಟ್ಟಲು ಮುಖ್ಯ ಸರ್ವರಿನ ಒಂದು ಸೆಟ್ಟಿಂಗ್ ಬದಲಿಸಿ ಮರುಪ್ರಾರಂಭಿಸಿದಾಗ ಅದು ಸೆಮಫೋರ್ ಸಾಲದೆಂದು ಏಳಲು ಒಪ್ಪಲಿಲ್ಲ. ಸಂಪರ್ಕಗಳ ಮಿತಿ 8000 ಇತ್ತು, ಸುಮಾರು ಒಂದು ವರ್ಷ ಅದೇ ಮಿತಿಯಲ್ಲಿ ಓಡಿತ್ತು ಕೂಡ. 2000ಕ್ಕೆ ಇಳಿಸಿದ ಮೇಲೆ ಎದ್ದಿತು. ಬಳಿಕ ಪ್ರತಿ ತೆಗೆಯುವ ಉಪಕರಣ ಏನೂ ಹೇಳದೆ ಸುಮ್ಮನೆ ನಿಂತುಬಿಟ್ಟಿತು. ಅದು ಮುಖ್ಯ ಸರ್ವರಿಗಾಗಿ ಕಾಯುತ್ತಿತ್ತಷ್ಟೇ. ದಣಿದಿದ್ದ ಎಂಜಿನಿಯರ್, ಪ್ರತಿಯಾಗಿದ್ದ ಆ ಎರಡನೆಯ ಸರ್ವರಿನಲ್ಲಿ ಉಳಿದ ಫೈಲುಗಳೇ ಅಡ್ಡಿಯೆಂದು ಭಾವಿಸಿ ಡೇಟಾ ಫೋಲ್ಡರ್ ಅಳಿಸುವ ಆದೇಶ ಕೊಟ್ಟರು. ಅದು ಓಡಿದ್ದು ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ತಡೆದರೂ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಗಿಗಾಬೈಟ್. ದಿನನಿತ್ಯದ ಬ್ಯಾಕಪ್ ಕೂಡ ಆಗುತ್ತಿರಲಿಲ್ಲವೆಂದು ಆಮೇಲೆ ಗೊತ್ತಾಯಿತು: ಸರ್ವರ್ 9.6 ಆವೃತ್ತಿಯದು, ಬ್ಯಾಕಪ್ ಉಪಕರಣ 9.2ರದು, ಅದೂ ನಿರಾಕರಿಸುತ್ತಲೇ ಇತ್ತು, ಆ ನಿರಾಕರಣೆಯ ಇಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ. ಆರು ತಾಸು ಹಿಂದೆ ಅದೃಷ್ಟವಶಾತ್ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್‌ನಿಂದ ಸೇವೆ ಮರಳಿತು. ನಡುವಿನ ತಾಸುಗಳ ದತ್ತಾಂಶ ಹೋಯಿತು. ನಡೆದದ್ದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದ್ದು ಆ ಸಂಸ್ಥೆಯ ದೊಡ್ಡತನ.

ಇನ್ನು ಡಿಸ್ಕ್ ನಿಜವಾಗಿಯೇ ತುಂಬುವ ಪ್ರಕರಣ. ಇದನ್ನು ತಿಳಿಯಲು ಪೋಸ್ಟ್‌ಗ್ರೆಸ್ ಬರೆಯುವ ರೀತಿ ಗೊತ್ತಿರಬೇಕು. ಹಳೆಯ ಅಂಗಡಿ ಲೆಕ್ಕದಲ್ಲಿ ವ್ಯವಹಾರ ನಡೆದಂತೆ ಕಿರ್ದಿಯಲ್ಲಿ ಬರೆದು, ಬಿಡುವಾದಾಗ ಖತಾವಣಿಗೆ ಏರಿಸುತ್ತಿದ್ದರಲ್ಲ, ಹಾಗೆಯೇ ಇಲ್ಲೂ ಪ್ರತಿ ಬದಲಾವಣೆ ಮೊದಲು ಮುಂಗಡ ದಾಖಲೆಗೆ ಹೋಗಿ, ಆಮೇಲೆ ಮೂಲ ಫೈಲುಗಳನ್ನು ಸೇರುತ್ತದೆ. ವ್ಯಾಲ್ ಎಂದು ಕರೆಯುವ ಈ ದಾಖಲೆ 16 ಮೆಗಾಬೈಟ್‌ನ ತುಂಡುಗಳಲ್ಲಿ ಇರುತ್ತದೆ. ಎಲ್ಲವನ್ನೂ ಏರಿಸಿ ಮುಗಿಸಿದ ಗುರುತಿಗೆ ಚೆಕ್‌ಪಾಯಿಂಟ್ ಎಂದು ಹೆಸರು. ಏರಿಸಿಯಾದ ತುಂಡುಗಳನ್ನು ಸರ್ವರ್ ತಾನೇ ಮರುಬಳಕೆ ಮಾಡುತ್ತದೆ. ಆದರೆ ದಾಖಲೆಯನ್ನು ಬೇರೆಡೆ ಕಾಪಿಡುವ ಆದೇಶ ವಿಫಲವಾಗುತ್ತಿದ್ದರೆ, ಅಥವಾ ಎಂದೋ ಕೈಬಿಟ್ಟ ಪ್ರತಿ-ಸರ್ವರಿಗೆಂದು ದಾಖಲೆ ಹಿಡಿದಿಡುವ ರೆಪ್ಲಿಕೇಷನ್ ಸ್ಲಾಟ್ ಹಾಗೇ ಉಳಿದಿದ್ದರೆ, ‘ಯಾರಿಗೋ ಬೇಕಾದೀತು’ ಎಂದು ಅದು ಯಾವುದನ್ನೂ ಬಿಸಾಡದೆ ಗುಡ್ಡೆ ಹಾಕುತ್ತದೆ. ಡಿಸ್ಕ್ ತುಂಬಿದ ದಿನ ಸರ್ವರ್ ಬೀಳುತ್ತದೆ. ಏಳಲೂ ದಾಖಲೆ ಬರೆಯಬೇಕಾದ್ದರಿಂದ ಏಳಲಾರದು.

ಆಗ ಕಣ್ಣಿಗೆ ಬೀಳುವುದು ಗಿಗಾಬೈಟ್‌ಗಟ್ಟಲೆ ಜಾಗ ತಿಂದ ಆ ಫೋಲ್ಡರ್. 2017ರವರೆಗೆ ಅದರ ಹೆಸರು ‘ಪಿಜಿ ಎಕ್ಸ್‌ಲಾಗ್’. ಹೆಸರಿನಲ್ಲಿ ಲಾಗ್ ಇದೆಯೆಂದು ಹಳೆಯ ಲಾಗ್‌ಗಳಂತೆ ಅದನ್ನು ಅಳಿಸಿ ಡೇಟಾಬೇಸನ್ನೇ ಕಳೆದುಕೊಂಡವರು ಅನೇಕರು. ಆ ವರ್ಷ ಬಂದ 10ನೇ ಆವೃತ್ತಿಯಲ್ಲಿ ಅದನ್ನು ‘ಪಿಜಿ ವ್ಯಾಲ್’ ಎಂದು ಬದಲಿಸಿದ್ದೇ ಈ ಅನಾಹುತ ತಪ್ಪಿಸಲು. ಸರಿಯಾದ ದಾರಿ ಡಿಸ್ಕ್ ಹಿಗ್ಗಿಸುವುದು, ಅದೇ ಡಿಸ್ಕಿನಲ್ಲಿರುವ ಸಂಬಂಧವಿಲ್ಲದ ಫೈಲುಗಳನ್ನು ಸರಿಸುವುದು, ಅಥವಾ ಸರ್ವರ್ ನಿಂತಿರುವಾಗಲೇ ಆ ಫೋಲ್ಡರನ್ನು ಇಡಿಯಾಗಿ ದೊಡ್ಡ ಡಿಸ್ಕಿಗೆ ಒಯ್ದು ಹಳೆಯ ಜಾಗದಲ್ಲಿ ಕೊಂಡಿ ಇಡುವುದು. ಎಕ್ಸ್‌ಟಿ4 ಡಿಸ್ಕ್‌ಗಳಲ್ಲಿ ರೂಟ್‌ಗೆಂದು ಸಾಮಾನ್ಯವಾಗಿ ಶೇ. 5 ಜಾಗ ಕಾದಿರಿಸಿರುತ್ತದೆ, ತುರ್ತಿಗೆ ಅದನ್ನೂ ಬಿಡಿಸಿಕೊಳ್ಳಬಹುದು. ಎದ್ದ ಮೇಲೆ ಗುಡ್ಡೆಗೆ ಕಾರಣವಾದ ಸ್ಲಾಟ್ ತೆಗೆಯದಿದ್ದರೆ ಮತ್ತೆ ಅದೇ ಕಥೆ. 13ನೇ ಆವೃತ್ತಿಯಿಂದ ಸ್ಲಾಟ್‌ಗಳು ಹಿಡಿದಿಡುವ ದಾಖಲೆಗೆ ಮಿತಿ ಹಾಕಬಹುದಾದರೂ ಆ ಸೆಟ್ಟಿಂಗ್ ಬೇರೆ ಹೇಳದ ಹೊರತು ‘ಮಿತಿಯಿಲ್ಲ’ ಎಂದೇ ಇರುತ್ತದೆ.

ಕಡೆಯ ಮೆಟ್ಟಿಲು ಚೇತರಿಕೆ. ಹಿಂದಿನ ಸಲ ಸರಿಯಾಗಿ ಮುಚ್ಚಿತ್ತೋ ನಡುವೆ ಬಿತ್ತೋ ಎಂಬುದನ್ನು ‘ಪಿಜಿ ಕಂಟ್ರೋಲ್’ ಎಂಬ ಪುಟ್ಟ ಫೈಲ್ ಹೇಳುತ್ತದೆ. ಬಿದ್ದಿದ್ದರೆ ಕೊನೆಯ ಚೆಕ್‌ಪಾಯಿಂಟಿನಿಂದ ಮುಂದಕ್ಕೆ ದಾಖಲೆಯನ್ನು ಓದಿ, ಬಾಕಿ ಬದಲಾವಣೆಗಳನ್ನು ಫೈಲುಗಳಿಗೆ ಏರಿಸಬೇಕು. ದೊಡ್ಡ ಡೇಟಾಬೇಸಿನಲ್ಲಿ ಇದು ಬಹಳ ಹೊತ್ತು ಹಿಡಿಯಬಹುದು. ಸಿಸ್ಟಂಡಿಯ ರೂಢಿಯ ತಾಳ್ಮೆ ಮಾತ್ರ 90 ಸೆಕೆಂಡು. ಅಷ್ಟರಲ್ಲಿ ಸಿದ್ಧವೆಂಬ ಸುದ್ದಿ ಬರದಿದ್ದರೆ ಅದು ಪ್ರಕ್ರಿಯೆಯನ್ನು ಕೊಂದುಬಿಡುತ್ತದೆ. ಸರ್ವರ್ ತಪ್ಪೇನೂ ಮಾಡದೆಯೂ ಏಳಲಾಗದಂತಾಗುತ್ತದೆ. ಈ ಗಡುವನ್ನು ಅನಂತಕ್ಕೆ ಇಡಬೇಕೆಂದು ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಸೂಚಿಸುತ್ತದೆ. 15ನೇ ಆವೃತ್ತಿಯಿಂದೀಚೆಗೆ ಚೇತರಿಕೆ ಎಲ್ಲಿಗೆ ಬಂತೆಂದು 10 ಸೆಕೆಂಡಿಗೊಮ್ಮೆ ಲಾಗ್‌ನಲ್ಲಿ ಬರೆಯುತ್ತದೆ. ಆ ಸಾಲುಗಳು ಮುಂದೆ ಸಾಗುತ್ತಿದ್ದರೆ ಮಾಡಬೇಕಾದ ಕೆಲಸ ಕಾಯುವುದೊಂದೇ.

ನಿಜಕ್ಕೂ ಭಯಪಡಬೇಕಾದ ಸಂದೇಶ ‘ಸರಿಯಾದ ಚೆಕ್‌ಪಾಯಿಂಟ್ ಸಿಗುತ್ತಿಲ್ಲ’ ಎಂಬುದು. ದಾಖಲೆಯ ತುಂಡು ಯಾರೋ ಅಳಿಸಿದ್ದರೆ, ಡಿಸ್ಕ್ ಕೆಟ್ಟಿದ್ದರೆ, ಇಲ್ಲವೇ ಓಡುತ್ತಿದ್ದ ಸರ್ವರಿನ ಫೋಲ್ಡರನ್ನು ವಿಧಿಯಂತಲ್ಲದೆ ನಕಲು ಮಾಡಿದ್ದರೆ ಇದು ಬರುತ್ತದೆ. ‘ಪಿಜಿ ರೀಸೆಟ್‌ವ್ಯಾಲ್’ ಎಂಬ ಉಪಕರಣ ಬಾಕಿ ದಾಖಲೆಯನ್ನೆಲ್ಲ ಎಸೆದು ಸರ್ವರನ್ನು ಎಬ್ಬಿಸಬಲ್ಲದು. ಎಸೆದದ್ದರಲ್ಲಿ ಅರ್ಧ ಏರಿದ ವ್ಯವಹಾರಗಳಿದ್ದರೆ, ಎದ್ದ ಡೇಟಾಬೇಸಿನ ಒಳಗೆ ಒಂದು ಪಟ್ಟಿ ಹೇಳುವುದಕ್ಕೂ ಇನ್ನೊಂದು ಹೇಳುವುದಕ್ಕೂ ತಾಳೆಯಾಗದೆ ಹೋಗಬಹುದು. ಮೈಎಸ್‌ಕ್ಯೂಎಲ್‌ನ ಸಂಗ್ರಹ ಭಾಗವಾದ ಇನ್ನೋಡಿಬಿಯಲ್ಲಿ ಇದಕ್ಕೆ ಸಮನಾದದ್ದು 1ರಿಂದ 6ರವರೆಗಿನ ಬಲವಂತದ ಚೇತರಿಕೆಯ ಮಟ್ಟಗಳು. ಅಲ್ಲಿ 4 ಮತ್ತು ಮೇಲಿನವು ದತ್ತಾಂಶವನ್ನು ಶಾಶ್ವತವಾಗಿ ಕೆಡಿಸಬಲ್ಲವು.

ಆದ್ದರಿಂದ ಇಂಥ ಯಾವುದೇ ಆದೇಶ ಕೊಡುವ ಮುನ್ನ, ಸರ್ವರ್ ನಿಂತಿರುವಾಗಲೇ, ಇಡೀ ಡೇಟಾ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಡಬೇಕು. ಒಳ್ಳೆಯ ಬ್ಯಾಕಪ್ ಇದ್ದರೆ ರೀಸೆಟ್ಟಿನ ಗೋಜಿಗೇ ಹೋಗದೆ ಅದರಿಂದ ಮರಳಿ ತರುವುದು ಮೇಲು. ರೀಸೆಟ್ ಮಾಡಲೇಬೇಕಾಗಿ ಬಂದು ಸರ್ವರ್ ಎದ್ದರೆ, ಅದರ ಮೇಲೆ ಹೊಸ ವ್ಯವಹಾರ ನಡೆಸಕೂಡದು. ತಕ್ಷಣ ದತ್ತಾಂಶವನ್ನು ಡಂಪ್ ಮಾಡಿ, ಹೊಸ ಕ್ಲಸ್ಟರ್ ಕಟ್ಟಿ, ಅದರೊಳಗೆ ತುಂಬಿ, ತಾಳೆ ನೋಡಬೇಕು.